ಶಾಲಾ ನಾಟಕದ ತಾಲೀಮು ಜೂನ್‌ನಲ್ಲೇ ಶುರುವಾಗಲಿ

ಮಾನ್ಯ ಸಂಪಾದಕರೇ,

ಶಾಲೆಗಳು ಮತ್ತೆ ತೆರೆದಿವೆ. ವಾರ್ಷಿಕೋತ್ಸವಕ್ಕೆ ಇನ್ನೂ ಆರು ತಿಂಗಳಿದೆ. ಶಾಲಾ ನಾಟಕದ ವಿಚಾರವನ್ನು ನಾವು ಈಗಲೇ ಎತ್ತುತ್ತಿದ್ದೇವೆ, ಯಾಕೆಂದರೆ ಡಿಸೆಂಬರ್‌ನಲ್ಲಿ ಎತ್ತಿದರೆ ಆ ವರ್ಷಕ್ಕೆ ಏನೂ ಮಾಡಲು ಬರುವುದಿಲ್ಲ.

ಬಹಳಷ್ಟು ಪ್ರೌಢಶಾಲೆಗಳಲ್ಲಿ ಈಗ ನಡೆಯುತ್ತಿರುವುದು ಇಷ್ಟು. ಕಾರ್ಯಕ್ರಮಕ್ಕೆ ಹದಿನೈದು ದಿನ ಇರುವಾಗ ‘ಒಂದು ನಾಟಕವೂ ಇರಲಿ’ ಎಂದು ತೀರ್ಮಾನವಾಗುತ್ತದೆ. ಮಾತು ಬಾಯಿಪಾಠ ಮಾಡಿಸಲು ಪುರಸೊತ್ತಿಲ್ಲ, ಮೈಕು ಎಲ್ಲರಿಗೂ ಸಾಲುವುದಿಲ್ಲ. ಹಾಗಾಗಿ ದೊಡ್ಡವರ ದನಿಯಲ್ಲಿ ಮಾತುಗಳನ್ನು ರೆಕಾರ್ಡ್ ಮಾಡಿಸಿ, ನಡುನಡುವೆ ಸಿನಿಮಾ ಸಂಗೀತ ಸೇರಿಸಿ, ಪೆನ್‌ಡ್ರೈವ್‌ಗೆ ಹಾಕಿ ಸೌಂಡ್ಸ್‌ನವರ ಕೈಗೆ ಕೊಡುತ್ತಾರೆ. ಮಕ್ಕಳು ಬಾಡಿಗೆ ವೇಷ ತೊಟ್ಟು ಬಾಯಿ ಆಡಿಸುತ್ತಾರೆ. ಓಬವ್ವನ ವೇಷದ ಹುಡುಗಿ ಒನಕೆ ಎತ್ತಿ ಹೊಡೆದಾಗಿದೆ, ಸೈನಿಕ ಬಿದ್ದಾಗಿದೆ; ಎರಡು ಸೆಕೆಂಡ್ ಕಳೆದ ಮೇಲೆ ಸ್ಪೀಕರ್‌ನಿಂದ ಯಾರೋ ಹೆಂಗಸಿನ ಆರ್ಭಟ ಬರುತ್ತದೆ. ಆ ಎರಡು ಸೆಕೆಂಡಿನಲ್ಲಿ ಹುಡುಗಿಯ ಮುಖ ನೋಡಬೇಕು. ಕಣ್ಣು ಸ್ಪೀಕರ್ ಕಡೆ ಹೊರಳಿರುತ್ತದೆ, ತುಟಿ ಅರ್ಧ ತೆರೆದಿರುತ್ತದೆ. ತನ್ನದಲ್ಲದ ದನಿಗೆ ಕಾಯುತ್ತಾ ನಿಂತಿರುತ್ತಾಳೆ.

ಈ ಪದ್ಧತಿ ನಿಲ್ಲಬೇಕು, ಮಕ್ಕಳು ತಮ್ಮ ಗಂಟಲಿನಿಂದಲೇ ಮಾತಾಡಬೇಕು ಎಂಬುದು ನಮ್ಮ ಕೋರಿಕೆ. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಹೊತ್ತು. ನಲವತ್ತು ನಿಮಿಷದ ನಾಟಕ ಮಕ್ಕಳ ಮೈಗೆ ಹತ್ತಲು ಸುಮಾರು 70 ಗಂಟೆಯ ತಾಲೀಮು ಬೇಕು. ದಿನಕ್ಕೊಂದು ಗಂಟೆಯಂತೆ ಹದಿನೈದು ದಿನ ಮಾಡಿದರೆ ಸಿಗುವುದು 15 ಗಂಟೆ. ಅದೇ ಜೂನ್‌ನಿಂದ ಡಿಸೆಂಬರ್ ಮಧ್ಯದವರೆಗೆ ವಾರಕ್ಕೆ ನಲವತ್ತು ನಿಮಿಷದ ಎರಡು ಪಿರಿಯಡ್ ಒಟ್ಟಿಗೆ ಕೊಟ್ಟರೆ, ದಸರಾ ರಜೆ ಮತ್ತು ಪರೀಕ್ಷೆಗಳನ್ನು ಕಳೆದರೂ 24 ವಾರ, ಅಂದರೆ 32 ಗಂಟೆ ಸಿಗುತ್ತದೆ. ಸೆಪ್ಟೆಂಬರ್‌ನಿಂದ ಶನಿವಾರ ತರಗತಿ ಮುಗಿದ ಮೇಲೆ ಊಟ ಮಾಡಿ ಎರಡು ಗಂಟೆ ಕೂತರೆ, ಹನ್ನೆರಡು ಶನಿವಾರಕ್ಕೆ 24 ಗಂಟೆ. ದಸರಾ ರಜೆಯಲ್ಲಿ ಮೂರು ದಿನ, ದಿನಕ್ಕೆ ಐದು ಗಂಟೆಯ ಶಿಬಿರಕ್ಕೆ 15 ಗಂಟೆ. ಕೂಡಿಸಿದರೆ 71. ಪಾಠಕ್ಕೆ ಯಾವ ತೊಂದರೆಯೂ ಆಗದೆ ಇಷ್ಟು ಹೊತ್ತು ಹೊಂದಿಕೆಯಾಗುತ್ತದೆ. ಈಗಿನ ಪದ್ಧತಿಯಲ್ಲಿ ಆಗುತ್ತಿರುವುದೇ ಪಾಠದ ನಷ್ಟ: ಕೊನೆಯ ಹದಿನೈದು ದಿನ ಇಡೀ ಶಾಲೆಯಲ್ಲಿ ತರಗತಿ ನೆಟ್ಟಗೆ ನಡೆಯುವುದಿಲ್ಲ.

ಜೂನ್‌ನಲ್ಲಿ ನಾಟಕದ ಪುಸ್ತಕ ಮುಟ್ಟಬಾರದು. ಮೊದಲ ತಿಂಗಳು ಬರೀ ಆಟ ಮತ್ತು ಧ್ವನಿ. ಒಂದು ಮಗು ಧ್ವಜಸ್ತಂಭದ ಹತ್ತಿರ, ಇನ್ನೊಂದು ನಲವತ್ತು ಅಡಿ ದೂರದ ಜಗಲಿಯಲ್ಲಿ. ಕಿರುಚದೆ ಒಂದು ವಾಕ್ಯ ಹೇಳಬೇಕು. ಕೇಳಿದವರು ಅದನ್ನು ಬರೆದು ತೋರಿಸಬೇಕು. ಬರೆದದ್ದನ್ನು ನೋಡಿದರೆ ಒಂದು ಸಂಗತಿ ತಟ್ಟನೆ ಹೊಳೆಯುತ್ತದೆ: ವಾಕ್ಯದ ಮೊದಲರ್ಧ ಸರಿಯಾಗಿರುತ್ತದೆ, ಕೊನೆ ಇರುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ, ‘ಇಲ್ಲ’, ‘ಬೇಡ’, ‘ಬಾರದು’ ಎಲ್ಲ ಬರುವುದೂ ಕೊನೆಗೇ. ಮಗುವಿನ ಉಸಿರು ಮುಗಿಯುವುದೂ ಅಲ್ಲೇ. ‘ನಾನು ಈ ಊರು ಬಿಟ್ಟು ಹೋಗುವುದಿಲ್ಲ’ ಎಂಬುದರಲ್ಲಿ ‘ಇಲ್ಲ’ ನುಂಗಿ ಹೋದರೆ ಇಡೀ ದೃಶ್ಯದ ಅರ್ಥ ತಲೆಕೆಳಗಾಗುತ್ತದೆ. ಎಷ್ಟೋ ಶಾಲಾ ನಾಟಕಗಳಲ್ಲಿ ಹಿಂದೆ ಕೂತವರಿಗೆ ಕಥೆ ತಿಳಿಯದೆ ಹೋಗುವುದು ಇದರಿಂದಲೇ. ಪರಿಹಾರ ಸುಲಭ, ಆದರೆ ತಿಂಗಳು ಹಿಡಿಯುತ್ತದೆ. ಪ್ರತಿಯೊಂದು ಮಾತಿನಲ್ಲೂ ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿಸಬೇಕು. ಕೊನೆಯ ಎರಡು ಪದಕ್ಕೆ ಮುಂಚೆ ಒಂದು ಗೆರೆ ಇದ್ದೇ ಇರಬೇಕು. ಕೊನೆಯ ಪದ ಹೇಳುವಾಗ ಒಂದು ಹೆಜ್ಜೆ ಮುಂದಿಡುವ ಅಭ್ಯಾಸ ಮಾಡಿಸಿದರೆ ದನಿ ತಾನಾಗಿ ಕುಸಿಯದೆ ನಿಲ್ಲುತ್ತದೆ. ಆಮೇಲೆ ಹೆಜ್ಜೆ ಬಿಟ್ಟರೂ ದನಿ ಉಳಿಯುತ್ತದೆ.

ಉಚ್ಚಾರದ ವಿಚಾರದಲ್ಲಿ ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಅಕಾರ–ಹಕಾರ ತಿದ್ದುವುದು ಅಗತ್ಯವೇ, ಆದರೆ ಜೂನ್‌ನಲ್ಲಿ ಬೇಡ. ಮೊದಲ ವಾರವೇ ಪ್ರತಿ ಪದಕ್ಕೂ ತಡೆದು ತಿದ್ದಿದರೆ ಮನೆಯಲ್ಲಿ ಲಂಬಾಣಿ, ತುಳು, ಉರ್ದು ಮಾತಾಡುವ ಮಕ್ಕಳು ಬಾಯಿ ಮುಚ್ಚಿಬಿಡುತ್ತಾರೆ, ಮತ್ತೆ ತೆರೆಸಲು ಆಗುವುದಿಲ್ಲ. ಹಾಸ್ಯದ, ಜಗಳದ ದೃಶ್ಯಗಳನ್ನು ಆಯಾ ಊರಿನ ಕನ್ನಡಕ್ಕೆ ಮಕ್ಕಳೇ ತಿರುಗಿಸಿಕೊಳ್ಳಲಿ. ಧಾರವಾಡದ ಮಗು ಮೈಸೂರಿನ ಕನ್ನಡದಲ್ಲಿ ಜಗಳವಾಡಿದರೆ ಅದು ಜಗಳದ ಹಾಗೆ ಕೇಳಿಸುವುದಿಲ್ಲ.

ಆಗಸ್ಟ್ 15 ಮೊದಲ ಪ್ರದರ್ಶನಕ್ಕೆ ಒಳ್ಳೆಯ ದಿನ. ಧ್ವಜಾರೋಹಣಕ್ಕೆ ಹೆತ್ತವರು, ಊರವರು ಬಂದೇ ಬರುತ್ತಾರೆ. ಹನ್ನೆರಡು ಮಕ್ಕಳು, ಎಂಟು ನಿಮಿಷದ ಬೀದಿ ನಾಟಕ, ಮೈಕಿಲ್ಲ, ವೇಷವಿಲ್ಲ, ಸಮವಸ್ತ್ರದ ಮೇಲೆ ಒಂದು ಟವೆಲ್ ಸಾಕು. ಒಂದು ತಮಟೆ ಇರಲಿ. ಸುತ್ತ ಜನ ನಿಂತಾಗ ಅರ್ಧ ಜನಕ್ಕೆ ಮಕ್ಕಳ ಬೆನ್ನೇ ಕಾಣುತ್ತದೆ ಎಂಬುದು ಇಲ್ಲಿಯ ಮುಖ್ಯ ತೊಡಕು. ಮಾತಾಡುವವರು ನಿಂತು, ಉಳಿದವರು ಕುಕ್ಕರುಗಾಲಲ್ಲಿ ಕೂರಬೇಕು. ನಾಲ್ಕು ಮಾತಿಗೊಮ್ಮೆ ಇಡೀ ವೃತ್ತ ಕಾಲು ಸುತ್ತು ತಿರುಗಬೇಕು. ಮಿಠಾಯಿ ಹಂಚುವುದಕ್ಕೆ ಮುಂಚೆಯೇ ನಾಟಕ ಮುಗಿಸಬೇಕು, ಹಂಚಿದ ಮೇಲೆ ಸಭೆ ನಿಲ್ಲುವುದಿಲ್ಲ. ಹತ್ತನೇ ತರಗತಿಯ ಮಕ್ಕಳಿಗೆ ದೊಡ್ಡ ಪಾತ್ರ ಕೊಡುವುದಾದರೆ ಇದರಲ್ಲೇ ಕೊಡಬೇಕು. ನವೆಂಬರ್‌ನಿಂದ ಅವರಿಗೆ ವಿಶೇಷ ತರಗತಿಗಳು ಶುರುವಾಗುತ್ತವೆ, ಹೆತ್ತವರು ಬಿಡುವುದಿಲ್ಲ, ಬಿಡದಿರುವುದು ತಪ್ಪೂ ಅಲ್ಲ. ಡಿಸೆಂಬರ್ ನಾಟಕದ ಮುಖ್ಯ ಪಾತ್ರಗಳು ಎಂಟು, ಒಂಬತ್ತನೇ ತರಗತಿಯವರಿಗೆ ಇರಲಿ. ಇದೊಂದನ್ನು ಮರೆತ ತಂಡಗಳು ನವೆಂಬರ್ ಕೊನೆಗೆ ನಾಯಕನನ್ನೇ ಕಳೆದುಕೊಳ್ಳುತ್ತವೆ.

ಸೆಪ್ಟೆಂಬರ್ ತಿಂಗಳನ್ನು ಪಠ್ಯಕ್ಕೆ ಕೊಡಬಹುದು. ಕುಮಾರವ್ಯಾಸನಲ್ಲಿ ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಸಂದರ್ಭವನ್ನೇ ತೆಗೆದುಕೊಳ್ಳಿ. ಭಾಮಿನಿ ಷಟ್ಪದಿಯ ಮೂರು–ನಾಲ್ಕು ಮಾತ್ರೆಯ ನಡೆಯನ್ನು ಒಂದು ಗುಂಪು ಕೈತಟ್ಟಿ ಹಿಡಿಯಲಿ, ಇಬ್ಬರು ಪದ್ಯ ಹೇಳಲಿ, ಇಬ್ಬರು ಅದನ್ನೇ ಇಂದಿನ ಮಾತಿನಲ್ಲಿ ಆಡಲಿ. ಹತ್ತು ನಿಮಿಷದ ಈ ಪ್ರಯೋಗಕ್ಕೆ ತರಗತಿಯ ಕೋಣೆಯೇ ಸಾಕು. ಛಂದಸ್ಸಿಗೆ ಪ್ರಸ್ತಾರ ಹಾಕಲು ಹೆದರುವ ಮಕ್ಕಳು ಇಲ್ಲಿ ಕೈಯಲ್ಲೇ ಗಣ ಎಣಿಸುತ್ತಾರೆ.

ದೊಡ್ಡ ನಾಟಕದ ಆಯ್ಕೆ ಅಕ್ಟೋಬರ್‌ಗೆ. ಇಪ್ಪತ್ತರಿಂದ ಇಪ್ಪತ್ತೈದು ಮಕ್ಕಳಿಗೆ ಕೆಲಸ ಇರುವ ನಾಟಕ ಬೇಕು. ನಾಲ್ಕು ಜನ ಮಾತಾಡಿ ಉಳಿದವರು ಸೈನಿಕರಾಗಿ ಈಟಿ ಹಿಡಿದು ನಿಲ್ಲುವಂಥದ್ದು ಬೇಡ. ಮೇಳ (ಗುಂಪಾಗಿ ಹಾಡುವ, ಮಾತಾಡುವ ತಂಡ) ಇರುವ ನಾಟಕಗಳು ಶಾಲೆಗೆ ಹೇಳಿ ಮಾಡಿಸಿದಂಥವು. ಕನ್ನಡದಲ್ಲಿ ಮಕ್ಕಳಿಗಾಗಿ ಬರೆದ ನಾಟಕಗಳಿಗೆ ಕೊರತೆಯಿಲ್ಲ. ಕುವೆಂಪು ಬರೆದಿದ್ದಾರೆ, ಕಂಬಾರರು ಬರೆದಿದ್ದಾರೆ, ವೈದೇಹಿ ಬರೆದಿದ್ದಾರೆ, ಬಿ.ವಿ. ಕಾರಂತರು ಮತ್ತು ಪ್ರೇಮಾ ಕಾರಂತರು ಮಕ್ಕಳ ರಂಗಭೂಮಿಗೆ ಜೀವ ತೇಯ್ದಿದ್ದಾರೆ. ದೊಡ್ಡವರ ಐತಿಹಾಸಿಕ ನಾಟಕವನ್ನು ಕತ್ತರಿಸಿ ಚಿಕ್ಕದು ಮಾಡಿದರೆ ಉಳಿಯುವುದು ಉದ್ದುದ್ದ ಭಾಷಣಗಳು ಮಾತ್ರ. ಹಾಡು, ಚಲನೆ ಸೇರಿದರೆ ಎ4 ಅಳತೆಯ ಒಂದು ಪುಟಕ್ಕೆ ಎರಡು ನಿಮಿಷ ಹಿಡಿಯುತ್ತದೆ; ನಲವತ್ತು ನಿಮಿಷಕ್ಕೆ ಇಪ್ಪತ್ತು ಪುಟ ದಾಟಬಾರದು.

ಅನುಮತಿಯ ಪ್ರಶ್ನೆಯನ್ನು ಶಾಲೆಗಳು ಪೂರ್ತಿ ಮರೆಯುತ್ತವೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿದಿರುತ್ತದೆ. 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ನಾಟಕಗಳನ್ನು ಇಂದು ಯಾರು ಬೇಕಾದರೂ ಆಡಬಹುದು. 1984ರಲ್ಲಿ ತೀರಿಕೊಂಡ ಶ್ರೀರಂಗರ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳ ಹಕ್ಕು ಇನ್ನೂ ಇದೆ. ಶಾಲೆಯ ಚಟುವಟಿಕೆಯಾಗಿ ಶಿಕ್ಷಕರು, ಮಕ್ಕಳು ಆಡಿ, ನೋಡುವವರೂ ಶಿಕ್ಷಕರು, ಮಕ್ಕಳು, ಪೋಷಕರು ಮತ್ತು ಶಾಲೆಗೆ ಸಂಬಂಧಪಟ್ಟವರಷ್ಟೇ ಆಗಿದ್ದರೆ ಕಾಯ್ದೆ ವಿನಾಯಿತಿ ಕೊಟ್ಟಿದೆ. ಊರಿಗೆಲ್ಲ ತೆರೆದಿಟ್ಟರೆ, ಟಿಕೆಟ್ ಇಟ್ಟರೆ, ಹೊರಗಿನ ಉತ್ಸವಕ್ಕೆ ಹೋದರೆ ಅನುಮತಿ ಬೇಕು. ಲೇಖಕರಿಗೆ ಅಥವಾ ಅವರ ಮನೆಯವರಿಗೆ ಅಕ್ಟೋಬರ್‌ನಲ್ಲೇ ಒಂದು ಕಾಗದ ಬರೆದರೆ ಮುಗಿಯಿತು. ಮಕ್ಕಳ ಕೈಯಲ್ಲೇ ಆ ಕಾಗದ ಬರೆಸಿ.

ಪಾತ್ರ ಹಂಚುವಾಗ ತರಗತಿಯ ರ‍್ಯಾಂಕು, ಮೈಬಣ್ಣ, ಎತ್ತರ ನೋಡುವುದನ್ನು ಬಿಡಬೇಕು. ರಾಜ ಎಂದರೆ ಬೆಳ್ಳಗಿರುವವನು, ರಾಕ್ಷಸ ಎಂದರೆ ಕಪ್ಪಗಿರುವವನು ಎಂಬ ಹಂಚಿಕೆ ಇನ್ನೂ ನಡೆದಿದೆ. ಮಗು ಅದನ್ನು ಜೀವಮಾನವಿಡೀ ಮರೆಯುವುದಿಲ್ಲ. ಎಲ್ಲರೂ ಎಲ್ಲ ಪಾತ್ರವನ್ನೂ ಎರಡು ವಾರ ಓದಲಿ, ಆಮೇಲೆ ನಿರ್ಧಾರವಾಗಲಿ. ಮುಖ್ಯ ಪಾತ್ರಗಳಿಗೆ ಇಬ್ಬಿಬ್ಬರು ಸಿದ್ಧರಿರಬೇಕು. ಅಡಿಕೆ ಕೊಯ್ಲು, ಊರಿನ ಜಾತ್ರೆ, ಸೀತಾಳೆ ಸಿಡುಬು, ಇವುಗಳಲ್ಲಿ ಯಾವುದಾದರೂ ತಾಲೀಮಿನ ನಡುವೆ ಬರಬಹುದು. ಪ್ರತಿಯೊಬ್ಬರೂ ತಮ್ಮ ಮಾತಿನ ಜೊತೆಗೆ ಅದಕ್ಕೂ ಹಿಂದಿನ ಮಾತನ್ನು, ಅಂದರೆ ಕ್ಯೂವನ್ನು, ಕೈಯಲ್ಲಿ ಬರೆದುಕೊಳ್ಳಬೇಕು. ಜೆರಾಕ್ಸ್ ಕೊಟ್ಟರೆ ಮಕ್ಕಳು ತಮ್ಮ ಮಾತಿಗೆ ಮಾತ್ರ ಗೆರೆ ಎಳೆದುಕೊಳ್ಳುತ್ತಾರೆ, ಕ್ಯೂ ಗೊತ್ತಿಲ್ಲದೆ ದೃಶ್ಯ ನಿಂತುಹೋಗುತ್ತದೆ.

ಗಂಡುಮಕ್ಕಳ ದನಿ ಒಡೆಯುವ ವಯಸ್ಸು ಇದೇ. ಜೂನ್‌ನಲ್ಲಿ ಹಾರ್ಮೋನಿಯಂನ ಐದು ಮನೆ ಶ್ರುತಿಯಲ್ಲಿ ಆರಾಮವಾಗಿ ಹಾಡಿದ ಹುಡುಗ ನವೆಂಬರ್‌ನಲ್ಲಿ ಅದೇ ಹಾಡಿನ ತಾರಸ್ಥಾಯಿಗೆ ಹೋಗಲಾರ. ದನಿ ಚೂರಾಗುತ್ತದೆ, ಸಹಪಾಠಿಗಳು ನಗುತ್ತಾರೆ, ಮಾರನೆಯ ದಿನ ಅವನು ಬರುವುದಿಲ್ಲ. ಅವನಿಗಾಗಿ ಶ್ರುತಿ ಇಳಿಸಿದರೆ ಹುಡುಗಿಯರ ದನಿ ನೆಲ ಕಚ್ಚುತ್ತದೆ. ಆದ್ದರಿಂದ ನವೆಂಬರ್ ಮೊದಲ ವಾರ ಮೇಳದ ಪ್ರತಿಯೊಬ್ಬರ ದನಿಯನ್ನೂ ಮತ್ತೆ ಕೇಳಿ ನೋಡಬೇಕು. ಒಡೆಯುತ್ತಿರುವ ದನಿಯವರಿಗೆ ತಾಳ, ಕಂಜಿರ, ಮಾತಿನ ಲಯದ ಸಾಲುಗಳನ್ನು ಕೊಡಬೇಕು. ಮೇಲಿನ ಸ್ವರಕ್ಕೆ ಬಲವಂತ ಮಾಡಲೇಬಾರದು, ಗಂಟಲು ಕೆಡುತ್ತದೆ. ಇದು ಎಲ್ಲ ಗಂಡುಮಕ್ಕಳಿಗೂ ಆಗುವಂಥದ್ದು ಎಂದು ಇಡೀ ತಂಡಕ್ಕೆ ಮೊದಲೇ ಹೇಳಿಬಿಟ್ಟರೆ ನಗು ತಾನಾಗಿ ನಿಲ್ಲುತ್ತದೆ.

ಚಲನೆಯ ತಾಲೀಮಿಗೆ ಮೈದಾನದಲ್ಲಿ ಸುಣ್ಣದಿಂದ ರಂಗದ ಅಳತೆ ಎಳೆದುಕೊಳ್ಳಬೇಕು. ನಿಮ್ಮ ವೇದಿಕೆ 20 ಅಡಿ ಅಗಲ, 15 ಅಡಿ ಆಳ ಇದ್ದರೆ ಅಷ್ಟೇ ಎಳೆಯಿರಿ. ತರಗತಿಯ ಕೋಣೆಯಲ್ಲಿ ಕಲಿತ ನಾಟಕ ದೊಡ್ಡ ವೇದಿಕೆಗೆ ಬಂದಾಗ ಮಕ್ಕಳು ನಡುವೆ ಗುಂಪಾಗಿ ಅಂಟಿಕೊಳ್ಳುತ್ತಾರೆ. ಇನ್ನೊಂದು ರೋಗ, ಮುಂದೆ ನೆಟ್ಟ ಎರಡು ಸ್ಟ್ಯಾಂಡ್ ಮೈಕು. ಮಾತು ಬಂದಾಗ ಮಗು ಓಡಿ ಬಂದು ಮೈಕಿಗೆ ಹೇಳಿ, ವಾಪಸ್ ಹೋಗಿ ನಿಲ್ಲುತ್ತದೆ. ತಂದೆ–ಮಗಳು ಜಗಳವಾಡುವಾಗಲೂ ಇಬ್ಬರೂ ಮೈಕಿನ ಜೊತೆಗೇ ಜಗಳವಾಡುತ್ತಾರೆ. ಇನ್ನೂರು, ಮುನ್ನೂರು ಜನರ ಅಂಗಳಕ್ಕೆ, ಜೂನ್‌ನಿಂದ ಪಳಗಿದ ದನಿಗಳಿಗೆ ಮೈಕು ಬೇಕಾಗುವುದೇ ಇಲ್ಲ. ಶೀಟು ಹೊದಿಸಿದ ಸಭಾಂಗಣದಲ್ಲಿ ದನಿ ಮಾರ್ದನಿಸುತ್ತದೆ. ಅಲ್ಲಿ ಮಾತಿನ ವೇಗ ತಗ್ಗಿಸಬೇಕೇ ಹೊರತು ಜೋರು ಮಾಡಬಾರದು. ಮೈಕು ಬೇಕೇ ಬೇಕು ಎಂದಾದರೆ ವೇದಿಕೆಯ ಅಂಚಿನಲ್ಲಿ ಮೂರು ಮೈಕನ್ನು ಒಂದಿಂಚಿನ ಸ್ಪಂಜಿನ ಮೇಲೆ ಮಲಗಿಸಿಡಿ. ಸ್ಪಂಜು ಇಲ್ಲದಿದ್ದರೆ ಹೆಜ್ಜೆ ಸದ್ದು ಮಾತನ್ನು ನುಂಗುತ್ತದೆ. ಸ್ಪೀಕರ್‌ಗಳು ಮೈಕಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಬೇಕು, ಇಲ್ಲವಾದರೆ ಕೂಯ್ ಎನ್ನುತ್ತದೆ. ಭಾಷಣಕ್ಕೆಂದು ಹಾಕಿದ ಎಕೋ ಆಫ್ ಮಾಡುವಂತೆ ಸೌಂಡ್ಸ್‌ನವರಿಗೆ ಹೇಳುವುದನ್ನು ದಯವಿಟ್ಟು ಮರೆಯಬೇಡಿ. ಎಷ್ಟೋ ನಾಟಕಗಳನ್ನು ಹಾಳುಮಾಡಿರುವುದು ಈ ಒಂದು ಗುಂಡಿ.

ಹಿನ್ನೆಲೆಯ ಸದ್ದುಗಳನ್ನು ಮಕ್ಕಳೇ ಮಾಡಲಿ. ಮೊರದಲ್ಲಿ ರಾಗಿ ಆಡಿಸಿದರೆ ಮಳೆ, ತಗಡು ಅಲುಗಿಸಿದರೆ ಗುಡುಗು, ಎರಡು ಕರಟ ಕುಟ್ಟಿದರೆ ಕುದುರೆ. ಸದ್ದು ಮಾಡುವವರು ಪ್ರೇಕ್ಷಕರಿಗೆ ಕಾಣುವಂತೆ ಪಕ್ಕದಲ್ಲೇ ಕೂತರೆ ನಟರ ಜೊತೆ ಹೊಂದಿಕೆ ತಪ್ಪುವುದಿಲ್ಲ.

ಮುಖವಾಡದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ, ಏಕೆಂದರೆ ಮಾತಾಡಲು ಹಿಂಜರಿಯುವ ಮಕ್ಕಳು ನಾಟಕಕ್ಕೆ ಬರುವುದು ಬಹಳ ಸಲ ಈ ಬಾಗಿಲಿನಿಂದ. ಹಲಗೆಯ ಮೇಲೆ ಜೇಡಿಮಣ್ಣಿನಲ್ಲಿ ಮುಖದ ಅಚ್ಚು ಮಾಡಿ ಅರ್ಧ ದಿನ ಆರಲು ಬಿಡಬೇಕು. ಅಂಟಿಗೆ ಒಂದು ಲೋಟ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನಾಲ್ಕು ಲೋಟ ನೀರಿಗೆ ಹುಯ್ದು, ಹೊಳಪು ಬರುವ ತನಕ ಮೂರು ನಾಲ್ಕು ನಿಮಿಷ ತಿರುಗಿಸಿ ಇಳಿಸಿ. ಬೂಸ್ಟು ತಡವಾಗಲೆಂದು ಒಂದು ಚಮಚ ಉಪ್ಪು ಹಾಕಬಹುದು. ಪುಸ್ತಕಕ್ಕೆ ರಟ್ಟು ಕಟ್ಟುವವರು ಅಂಟಿಗೆ ಮೈಲುತುತ್ತ ಸೇರಿಸುತ್ತಾರೆ. ಮಕ್ಕಳ ಮುಖಕ್ಕೆ ತಾಗುವ ಮುಖವಾಡಕ್ಕೆ ಅದು ಕೂಡದು, ವಿಷ. ಅಚ್ಚಿನ ಮೇಲೆ ಮೊದಲ ಪದರವನ್ನು ಬರೀ ನೀರಿನಲ್ಲಿ ನೆನೆಸಿದ ಕಾಗದದಿಂದ ಹಾಕಬೇಕು, ಆಗ ಮುಖವಾಡ ಮಣ್ಣಿಗೆ ಕಚ್ಚಿಕೊಳ್ಳುವುದಿಲ್ಲ. ಆಮೇಲೆ ಅಂಟು ಹಚ್ಚಿದ ಏಳು ಪದರ. ಕಾಗದವನ್ನು ಕತ್ತರಿಸಬಾರದು, ಎರಡು ಬೆರಳಗಲದ ಚೂರುಗಳಾಗಿ ಹರಿಯಬೇಕು. ಹರಿದ ಅಂಚು ಒಂದಕ್ಕೊಂದು ಬೆಸೆಯುತ್ತದೆ. ಒಂದು ಪದರ ಪತ್ರಿಕೆಯ ಕಪ್ಪುಬಿಳುಪು ಪುಟ, ಮುಂದಿನದು ಬಣ್ಣದ ಪುಟ ಎಂದು ಬದಲಿಸುತ್ತಾ ಹೋದರೆ ಎಣಿಕೆ ತಪ್ಪುವುದಿಲ್ಲ, ಎಲ್ಲೂ ತೆಳುವಾಗುವುದಿಲ್ಲ.

ಒಣಗಲು ಎರಡು ದಿನದ ಒಳ್ಳೆಯ ಬಿಸಿಲು ಬೇಕು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಜುಲೈ–ಆಗಸ್ಟ್‌ನಲ್ಲಿ ಮಾಡಿದರೆ ಒಳಗೆ ಹಸಿ ಉಳಿದು ಬೂಸ್ಟು ಹಿಡಿಯುತ್ತದೆ. ಈ ಕೆಲಸ ಮಳೆ ತಗ್ಗಿದ ಮೇಲೆಯೇ ಆಗಬೇಕು. ಮುಖವಾಡ ಮೇಲ್ದುಟಿಯ ಮೇಲಕ್ಕೆ ನಿಂತುಬಿಡಲಿ. ಬಾಯಿ ಮುಚ್ಚುವ ಪೂರ್ತಿ ಮುಖವಾಡದೊಳಗೆ ಮಾತು ಉಳಿದುಬಿಡುತ್ತದೆ. ಕಣ್ಣಿನ ತೂತು ಹೆಬ್ಬೆರಳಷ್ಟು ಅಗಲ ಇರಬೇಕು, ಚಿಕ್ಕದಾದರೆ ಪಕ್ಕದವರು ಕಾಣದೆ ಡಿಕ್ಕಿ ಹೊಡೆಯುತ್ತಾರೆ. ಎಲಾಸ್ಟಿಕ್ ಬೆವರಿಗೆ ಸಡಿಲವಾಗುತ್ತದೆ, ಹತ್ತಿಯ ಲಾಡಿ ಕಟ್ಟಿ. ಪೋಸ್ಟರ್ ಬಣ್ಣದ ಮೇಲೆ ನೀರು ಬೆರೆಸಿದ ಫೆವಿಕಾಲ್ ಒಂದು ಕೈ ಬಳಿದರೆ ಬಣ್ಣ ಮುಖಕ್ಕೆ ಇಳಿಯುವುದಿಲ್ಲ.

ಬೆಳಕಿನಲ್ಲಿ ಅಪಾಯವಿದೆ, ಅದನ್ನು ಮುಚ್ಚಿಡಬಾರದು. 500 ವ್ಯಾಟಿನ ಒಂದು ಹ್ಯಾಲೋಜನ್ ದೀಪ 230 ವೋಲ್ಟಿನಲ್ಲಿ ಎರಡು ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ. ತರಗತಿಯ 6 ಆಂಪಿಯರ್ ಪ್ಲಗ್ಗಿಗೆ ಎರಡು ಹಾಕಬಹುದು. ಮೂರನೆಯದು ಹಾಕಿದರೆ ಮಿತಿ ದಾಟುತ್ತದೆ; ಟ್ರಿಪ್ ಆಗಬಹುದು, ಟ್ರಿಪ್ ಆಗದಿದ್ದರೆ ವೈರು ಕಾಯುತ್ತದೆ. ಮುಖ್ಯ ಬೋರ್ಡಿನಿಂದಲೇ ಅರ್ತಿಂಗ್ ಇರುವ ಬೇರೆ ಲೈನು ಎಳೆಸಬೇಕು, ಅದೂ ಎಲೆಕ್ಟ್ರಿಷಿಯನ್ ಕೈಯಿಂದ. ಉಪ್ಪುನೀರಿನಲ್ಲಿ ಬೆಳಕು ಮಂದ ಮಾಡುವ ಹಳೆಯ ತಂತ್ರವನ್ನು ಶಾಲೆಯಲ್ಲಿ ಯಾರೂ ಮಾಡಬಾರದು. ತೆರೆದ ನೀರಿನಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ. ಬಣ್ಣದ ಕಾಗದ ಹ್ಯಾಲೋಜನ್‌ನಿಂದ ಒಂದು ಮೊಳ ದೂರ ಇರಲಿ, ಹತ್ತಿರವಾದರೆ ಕರಗಿ ಹೊತ್ತಿಕೊಳ್ಳುತ್ತದೆ. ಈಗ ಬಾಡಿಗೆಗೆ ಸಿಗುವ ಎಲ್‌ಇಡಿ ಪಾರ್ ದೀಪಗಳು ಕಡಿಮೆ ವಿದ್ಯುತ್ತಿನವು, ಶಾಲೆಗೆ ಅವೇ ಸುರಕ್ಷಿತ. ಆದರೆ ತಾನಾಗಿ ಬಣ್ಣ ಬದಲಿಸುವ ಆಟೋ ವ್ಯವಸ್ಥೆಯನ್ನು ನಿಲ್ಲಿಸಿ, ತಿಳಿಹಳದಿ ಬೆಳಕಿಗೆ ಕಟ್ಟಿಹಾಕಬೇಕು. ನಾಲ್ಕು ದೀಪ ಸಾಕು: ಮುಂದೆ ಎಡಬಲದಲ್ಲಿ ಎರಡು, ನೆಟ್ಟ ಬೊಂಬಿಗೆ ಎತ್ತರದಲ್ಲಿ ಕಟ್ಟಿ ಓರೆಯಾಗಿ, ಪಕ್ಕದಿಂದ ಎರಡು. ಎಲ್ಲ ಬೆಳಕೂ ಕೆಳಗಿನಿಂದ ಬಂದರೆ ಮುಖ ಭೂತದಂತೆ ಕಾಣುತ್ತದೆ.

ವೇಷಕ್ಕೆ ಬಾಡಿಗೆ ಬೇಡವೇ ಬೇಡ. ಒಂದು ಮಗುವಿನ ಒಂದು ರಾತ್ರಿಯ ಜರಿ ವೇಷಕ್ಕೆ ಮುನ್ನೂರು ನಾನ್ನೂರು ರೂಪಾಯಿ ಎಂದರೂ ಇಪ್ಪತ್ತು ಮಕ್ಕಳಿಗೆ ಆರರಿಂದ ಎಂಟು ಸಾವಿರವಾಯಿತು, ಆ ಹೊರೆ ಹೆತ್ತವರ ಮೇಲೆ ಬೀಳುತ್ತದೆ. ಅಷ್ಟೇ ಹಣದಲ್ಲಿ ಬೊಂಬು, ಗೋಣಿ, ಕೋರಾ ಬಟ್ಟೆ, ಬಣ್ಣ, ಹಗ್ಗ, ದೀಪದ ಬಾಡಿಗೆ ಎಲ್ಲ ಮುಗಿದು, ಸಾಮಾನು ಮುಂದಿನ ವರ್ಷಕ್ಕೂ ಉಳಿಯುತ್ತದೆ. ಹಳೆಯ ಪಂಚೆ, ಸೀರೆ, ಟವೆಲ್‌ಗಳಿಂದ ಯಾವ ಊರನ್ನಾದರೂ ಕಟ್ಟಬಹುದು. ಮೀಸೆಯನ್ನು ಅಂಟಿಸುವ ಬದಲು ಕಾಡಿಗೆಯಲ್ಲಿ ಬರೆಯಿರಿ. ಬಣ್ಣ ಯಾವುದೇ ಇರಲಿ, ಹಿಂದಿನ ದಿನ ಕಿವಿಯ ಹಿಂದೆ ಹಚ್ಚಿ ನೋಡಿ. ತುರಿಕೆ ಬಂದ ಮಗುವಿಗೆ ಬಣ್ಣ ಬೇಡ.

ಮಾತು ಮರೆತಾಗ ಏನು ಮಾಡಬೇಕೆಂಬುದನ್ನೂ ತಾಲೀಮಿನಲ್ಲೇ ಕಲಿಸಬೇಕು. ಪಕ್ಕದಿಂದ ಪ್ರಾಂಪ್ಟ್ ಮಾಡಿದರೆ ಮೈಕಿನಲ್ಲಿ ಇಡೀ ಸಭೆಗೆ ಕೇಳಿಸುತ್ತದೆ. ನವೆಂಬರ್ ಕೊನೆಯ ತಾಲೀಮುಗಳಲ್ಲಿ ಒಬ್ಬರಿಗೆ ಗುಟ್ಟಾಗಿ ಹೇಳಿಡಿ: ಇವತ್ತು ಒಂದು ಮಾತು ಬಿಟ್ಟುಬಿಡು. ಎದುರಿನವರು ಪ್ರಶ್ನೆ ಹಾಕಿಯೋ, ಆ ಮಾತಿನ ಅರ್ಥವನ್ನು ತಾವೇ ಹೇಳಿಯೋ ಮುಂದಕ್ಕೆ ಒಯ್ಯಬೇಕು. ನಾಲ್ಕು ಸಲ ಹೀಗೆ ಆಡಿದ ತಂಡಕ್ಕೆ ಪ್ರದರ್ಶನದ ದಿನ ಹೆದರಿಕೆ ಬಹುಪಾಲು ಕಡಿಮೆಯಾಗುತ್ತದೆ.

ಇನ್ನು ವಾರ್ಷಿಕೋತ್ಸವದ ದಿನದ ಮಾತು. ಇದನ್ನು ಶಾಲಾ ಆಡಳಿತದವರು ದಯವಿಟ್ಟು ಗಮನವಿಟ್ಟು ಓದಬೇಕು. ಸಂಜೆ ನಾಲ್ಕಕ್ಕೆ ಮಕ್ಕಳಿಗೆ ಬಣ್ಣ ಹಚ್ಚುತ್ತಾರೆ. ಐದೂವರೆಗೆ ಶುರುವಾಗಬೇಕಾದ ಸಭೆ ಏಳಕ್ಕೆ ಶುರುವಾಗುತ್ತದೆ. ವರದಿ, ಸನ್ಮಾನ, ಬಹುಮಾನ, ಆರು ಅತಿಥಿಗಳ ಭಾಷಣ, ಹದಿನಾಲ್ಕು ನೃತ್ಯ ಮುಗಿದು ‘ಕೊನೆಯದಾಗಿ ಒಂದು ನಾಟಕ’ ಎನ್ನುವಾಗ ಹತ್ತು ಗಂಟೆ. ನೋಡಬೇಕಾದ ಹೆತ್ತವರು ನಿದ್ದೆ ಹೋದ ಚಿಕ್ಕ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಹೊರಟಾಗಿದೆ. ಆರು ತಿಂಗಳ ದುಡಿಮೆ ಖಾಲಿ ಕುರ್ಚಿಗಳ ಮುಂದೆ ಮುಗಿಯುತ್ತದೆ. ಮೇಲಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿಷೇಧವಿದೆ. ಎಷ್ಟೋ ಕಡೆ ನಾಟಕದ ಕೊನೆಯ ದೃಶ್ಯ ಆಗುವುದೇ ಇಲ್ಲ. ನಾಟಕಕ್ಕೆ ಬೇರೆಯದೇ ಸಂಜೆ ಕೊಡಿ. ಆಗದಿದ್ದರೆ ಸಭೆಗಿಂತ ಮೊದಲು, ಸಂಜೆ ಆರೂವರೆಗೆ ಇಡಿ; ಡಿಸೆಂಬರ್‌ನಲ್ಲಿ ಅಷ್ಟು ಹೊತ್ತಿಗೆ ಕತ್ತಲಾಗಿ ದೀಪವೂ ಕೆಲಸ ಮಾಡುತ್ತದೆ. ಬಣ್ಣ ಹಚ್ಚಲು ಒಂದೂವರೆ ಗಂಟೆಗಿಂತ ಮುಂಚೆ ಕೂರಿಸಬೇಡಿ. ಅದಕ್ಕೂ ಮೊದಲು ಉಪ್ಪಿಟ್ಟೋ ಮೊಸರನ್ನವೋ ಹೊಟ್ಟೆಗೆ ಬೀಳಲಿ. ಬೋಂಡಾ, ಐಸ್‌ಕ್ರೀಮ್ ನಾಟಕ ಮುಗಿದ ಮೇಲೆ. ದೂರದ ಹಳ್ಳಿಯ ಮಕ್ಕಳು ಯಾವ ಗಾಡಿಯಲ್ಲಿ, ಯಾರ ಜೊತೆ ಮನೆಗೆ ಹೋಗುತ್ತಾರೆ ಎಂಬ ಪಟ್ಟಿ ಒಬ್ಬ ಶಿಕ್ಷಕರ ಕೈಯಲ್ಲಿರಬೇಕು. ಹೆಣ್ಣುಮಕ್ಕಳನ್ನು ಹೆತ್ತವರು ಮುಂದಿನ ವರ್ಷ ನಾಟಕಕ್ಕೆ ಕಳಿಸುವುದು ಬಿಡುವುದು ಈ ಪಟ್ಟಿಯ ಮೇಲೆಯೇ ನಿಂತಿದೆ.

ಒಂದೇ ಪ್ರದರ್ಶನಕ್ಕೆ ನಾಟಕ ಕೈಬಿಡುವುದು ದೊಡ್ಡ ನಷ್ಟ. ಜನವರಿಯಲ್ಲಿ ಅಕ್ಕಪಕ್ಕದ ಎರಡು ಶಾಲೆಗಳಿಗೆ ಒಯ್ಯಿರಿ. ಎರಡನೇ ಪ್ರದರ್ಶನದಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳಲು ಶುರುಮಾಡುತ್ತಾರೆ. ಎಲ್ಲಿ ನಗು ಬರುತ್ತದೆ, ಎಷ್ಟು ಹೊತ್ತು ತಡೆಯಬೇಕು ಎಂಬುದು ಅಲ್ಲಿ ತಿಳಿಯುತ್ತದೆ. ಇದು ಸಾಧ್ಯವಾಗಬೇಕಾದರೆ ರಂಗಸಜ್ಜಿಕೆಯನ್ನು ಮೊದಲೇ ಒಂದು ಗೂಡ್ಸ್ ಆಟೋಗೆ ಹಿಡಿಸುವಷ್ಟು ಇಟ್ಟುಕೊಳ್ಳಬೇಕು, ಬೊಂಬುಗಳು ಆರಡಿ ಮೀರಬಾರದು. ಆತಿಥೇಯ ಶಾಲೆ ಊಟ ಕೊಟ್ಟರೆ ಸಾಕು.

ಕಲಿಸುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ನಾಟಕ ಶಿಕ್ಷಕರ ಹುದ್ದೆ ಇರುವ ಸರ್ಕಾರಿ ಪ್ರೌಢಶಾಲೆಗಳು ಬೆರಳೆಣಿಕೆಯಷ್ಟು. ಆದರೆ ನಮ್ಮ ನಾಡಿನಲ್ಲಿ ಕಲಿತವರಿಗೆ ಬರವಿಲ್ಲ. ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ. ಸಾಣೇಹಳ್ಳಿಯಲ್ಲಿ ರಂಗಶಾಲೆಯಿದೆ. 1989ರಲ್ಲಿ ಆರಂಭವಾದ ಮೈಸೂರಿನ ರಂಗಾಯಣ, ಆಮೇಲೆ ಬಂದ ಧಾರವಾಡ, ಶಿವಮೊಗ್ಗ, ಕಲಬುರಗಿಯ ರಂಗಾಯಣಗಳು ಮಕ್ಕಳೊಂದಿಗೆ ಕೆಲಸ ಮಾಡಿವೆ. ಇಲ್ಲೆಲ್ಲ ಕಲಿತು ಬಂದ ಯುವಕ ಯುವತಿಯರು ಬಹುತೇಕ ಎಲ್ಲ ಜಿಲ್ಲೆಗಳಲ್ಲಿದ್ದಾರೆ, ಹಲವರಿಗೆ ಕಾಯಂ ಕೆಲಸವಿಲ್ಲ. ದಸರಾ ಶಿಬಿರಕ್ಕೆ ಮತ್ತು ಡಿಸೆಂಬರ್‌ನಲ್ಲಿ ತಾಲೀಮಿನ ಕೊನೆಯ ವಾರಕ್ಕೆ ಇಂಥ ಒಬ್ಬರನ್ನು ಗೌರವಧನ ಕೊಟ್ಟು ಕರೆಸಬಹುದು. ವರ್ಷವಿಡೀ ತಂಡವನ್ನು ನಡೆಸುವವರು ಮಾತ್ರ ಶಾಲೆಯ ಒಬ್ಬ ಶಿಕ್ಷಕರೇ ಆಗಿರಬೇಕು. ಕನ್ನಡ ಶಿಕ್ಷಕರ ತಲೆಗೇ ಎಲ್ಲವನ್ನೂ ಕಟ್ಟದೆ ಮುಖವಾಡವನ್ನು ಚಿತ್ರಕಲಾ ಶಿಕ್ಷಕರು, ಚಲನೆಯನ್ನು ದೈಹಿಕ ಶಿಕ್ಷಕರು, ಬೆಳಕಿನ ಲೆಕ್ಕವನ್ನು ವಿಜ್ಞಾನ ಶಿಕ್ಷಕರು ಹಂಚಿಕೊಳ್ಳಲಿ.

ಶಿಕ್ಷಣ ಇಲಾಖೆಯಲ್ಲಿ ನಮ್ಮ ಬೇಡಿಕೆ ಎರಡೇ. ಪ್ರೌಢಶಾಲೆಯ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಪಿರಿಯಡ್ ನಾಟಕಕ್ಕೆ ಎಂದು ನಮೂದಾಗಲಿ. ಶಾಲಾ ಕಾರ್ಯಕ್ರಮಗಳಲ್ಲಿ ರೆಕಾರ್ಡ್ ಮಾಡಿದ ಮಾತಿಗೆ ಬಾಯಿ ಆಡಿಸುವ ನಾಟಕ ಬೇಡ ಎಂಬ ಸುತ್ತೋಲೆ ಬರಲಿ. ಸುತ್ತೋಲೆ ಬರುವವರೆಗೆ ಕಾಯಬೇಕಾಗಿಲ್ಲ. ಈ ವಾರ ವೇಳಾಪಟ್ಟಿ ಬರೆಯುತ್ತಿರುವ ಮುಖ್ಯ ಶಿಕ್ಷಕರು ಶುಕ್ರವಾರದ ಕೊನೆಯ ಎರಡು ಪಿರಿಯಡ್‌ಗಳನ್ನು ಒಟ್ಟಿಗೆ ಸೇರಿಸಿ ಅಲ್ಲಿ ‘ನಾಟಕ’ ಎಂದು ಬರೆಯಬಹುದು. ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಮೊದಲ ಸಭೆಯಲ್ಲಿ ಶನಿವಾರದ ತಾಲೀಮಿನ ದಿನಗಳನ್ನೂ, ಮಕ್ಕಳ ಬಸ್ಸಿನ ಸಮಯವನ್ನೂ ಗೊತ್ತುಮಾಡಿಕೊಳ್ಳಬಹುದು.

ಇಂತಿ,
ಪ್ರೌಢಶಾಲಾ ನಾಟಕ ತಂಡಗಳೊಂದಿಗೆ ಕೆಲಸ ಮಾಡುವ ಕೆಲವು ಶಿಕ್ಷಕರು ಮತ್ತು ಪೋಷಕರು,
ಶಿವಮೊಗ್ಗ ಜಿಲ್ಲೆ